ಏಳೆಳೆಯ ಹುಲ್ಲುಜಡೆ

6 ಮಾರ್ಚ್ 1887, ಭಾನುವಾರ

ಶಾಲೆಯ ದಾಖಲೆ ಪುಸ್ತಕದ ಮೊದಲ ಪುಟದಲ್ಲೇ ನಿಯಮ ಅಂಟಿಸಿದ್ದಾರೆ: ನಡೆದದ್ದನ್ನು ಮಾತ್ರ ಬರೆಯಬೇಕು, ಅಭಿಪ್ರಾಯ ಬರೆಯಬಾರದು. ಈ ಕಡ್‌ವೆಲ್ ಶಾಲೆಗೆ ಬಂದ ಹದಿನಾಲ್ಕು ವರ್ಷದಿಂದಲೂ ಹಾಗೇ ಬರೆದುಕೊಂಡು ಬಂದಿದ್ದೇನೆ. ‘ಹನ್ನೊಂದು ಹುಡುಗಿಯರು ಗೈರು. ಹಿಮ.’ ‘ಒಲೆ ಹೊಗೆಯಾಡಿತು.’ ‘ಮೂರನೆಯ ತರಗತಿ ಏಳರ ಮಗ್ಗಿಯಲ್ಲಿ ಹಿಂದಿದೆ.’ ಈ ವಾರ ನನ್ನಲ್ಲಿ ಅಭಿಪ್ರಾಯಗಳೇ ಹೆಚ್ಚಾದದ್ದರಿಂದ ಬೇರೆ ಪುಸ್ತಕ ಕೊಂಡೆ.

ಅಮ್ಮ ಬಂದಿದ್ದಾರೆ. ಹಿಮದಲ್ಲಿ ಜಾರಿ ಸೊಂಟಕ್ಕೆ ಪೆಟ್ಟಾಗಿ, ಒಬ್ಬರೇ ಇರುವುದು ಕಷ್ಟ ಎಂದು ಪಕ್ಕದ ಮನೆಯವರು ಕಾಗದ ಬರೆದಿದ್ದರು. ಶುಕ್ರವಾರ ಸಾಮಾನಿನ ಗಾಡಿಯಲ್ಲಿ ಬಂದು ಇಳಿದರು. ಎರಡು ಗಂಟು. ಚಿಕ್ಕದರಲ್ಲಿ ಬಟ್ಟೆ, ದೊಡ್ಡದರಲ್ಲಿ ಗೋಧಿಯ ಹುಲ್ಲುಕಡ್ಡಿ.

“ಇದನ್ನೂ ತರಬೇಕಿತ್ತಾ ಅಮ್ಮ?”

“ಕೈ ಸುಮ್ನೆ ಇಟ್ಕೊಂಡು ಕೂತ್ಕೊಳ್ಳೋಕೆ ನಾನೇನು ಪಾದ್ರಿ ಹೆಂಡ್ತಿನಾ?” ಎಂದರು.

ಶಾಲೆಗೆ ಹೊಂದಿಕೊಂಡಿರುವ ಈ ಮನೆ ಎರಡು ಕೋಣೆಯದು. ನನ್ನ ಕವಿತೆ ಪುಸ್ತಕಗಳ ಕಪಾಟಿನ ಪಕ್ಕದಲ್ಲಿ ಈಗ ಹುಲ್ಲಿನ ಕಂತೆ. ಅಮ್ಮ ಕಂತೆಯನ್ನು ಎಡಗಂಕುಳಲ್ಲಿ ಇಟ್ಟುಕೊಂಡು, ಸೀಳಿದ ಎಳೆಗಳನ್ನು ತುಟಿಯ ಮೂಲೆಯಲ್ಲಿ ಕಚ್ಚಿ ಒದ್ದೆ ಮಾಡಿ, ಒಂದೊಂದಾಗಿ ಎಳೆದು ಹೆಣೆಯುತ್ತಾರೆ. ಟೋಪಿ ಮಾಡುವವರು ಕೊಳ್ಳುವ ಜಡೆ. ಅರವತ್ತು ವರ್ಷ ಹೀಗೆ ಎಳೆದೂ ಎಳೆದೂ ಅವರ ತುಟಿಯ ಎಡಮೂಲೆಯಲ್ಲಿ ಒಂದು ಗೀರು ಬಿದ್ದಿದೆ. ಬೆಡ್‌ಫರ್ಡ್ ಸೀಮೆಯಲ್ಲಿ ಆ ಗೀರು ನೋಡಿದ ಮೇಲೆ ಯಾರೂ ಕಸುಬು ಕೇಳುವುದಿಲ್ಲ. ನನಗೂ ಅಲ್ಲೇ ಒಂದು ಸಣ್ಣ ಕಲೆ ಇದೆ. ಅದು ನಾಲ್ಕು ವರ್ಷದವಳಿದ್ದಾಗ ಒಲೆಯ ಕಂಬಿಯ ಮೇಲೆ ಬಿದ್ದದ್ದು.

ಅಮ್ಮನ ಕುರ್ಚಿಯನ್ನು ಒಲೆಯ ಬಲಕ್ಕೆ ಹಾಕಿದ್ದೇನೆ. ಅಲ್ಲಿ ಬೆಚ್ಚಗಿರುತ್ತದೆ. ಗೀರಿರುವ ಅವರ ಎಡಗಡೆ ಗೋಡೆಗೆ ಬರುತ್ತದೆ.

9 ಮಾರ್ಚ್, ಬುಧವಾರ

ಮೂರನೆಯ ತರಗತಿಯ ಟಿರ್ಝಾ ಫೆನ್ಸಮ್‌ಳ ತಾಯಿ ಶಾಲೆಯ ಬಾಗಿಲಿಗೇ ಬಂದು ಜಗಳವಾಡಿದಳು. ಹುಡುಗಿಯರು ಶಾಲೆಗೆ ಹೆಣಿಗೆ ತರಬಾರದು, ತಂದರೆ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಬೇಕು, ಶುಕ್ರವಾರ ಸಂಜೆ ವಾಪಸು ಕೊಡುತ್ತೇನೆ: ಇದು ನಾನು ಬಂದ ವರ್ಷವೇ ಮಾಡಿದ ನಿಯಮ. ಮೇಜಿನ ಕೆಳಗೆ ಹೆಣೆಯುವ ಕೈ ಮೇಜಿನ ಮೇಲೆ ಬರೆಯುವುದಿಲ್ಲ.

“ಶುಕ್ರವಾರದವರೆಗೂ ಕಾಯೋಕೆ ವ್ಯಾಪಾರಿ ನಮ್ಮ ಭಾವಮೈದುನ ಅಲ್ಲ, ಟೀಚರಮ್ಮ. ಆಗ್ಲೇ ಚೀನಾದ ಅಗ್ಗದ ಜಡೆ ಬಂದು ನಮ್ಮ ಬಾಯಿಗೆ ಮಣ್ಣು ಹಾಕಿದೆ. ನೀವು ಮೇಲೊಂದು ಮುಚ್ಚಳ ಹಾಕ್ತಿದ್ದೀರಿ.”

“ಟಿರ್ಝಾಗೆ ಹನ್ನೊಂದು ವರ್ಷ. ಏಳರ ಮಗ್ಗಿ ಬರೋಲ್ಲ.”

“ನನಗೂ ಬರೋಲ್ಲ. ಆರು ಮಕ್ಕಳನ್ನ ಹೆತ್ತೆ.”

ದಾಖಲೆ ಪುಸ್ತಕದಲ್ಲಿ ‘ಶ್ರೀಮತಿ ಫೆನ್ಸಮ್ ಭೇಟಿ’ ಎಂದಷ್ಟೇ ಬರೆದೆ.

ಮನೆಗೆ ಬಂದರೆ ಅಮ್ಮ ಶಾಲೆಯ ಪೆಟ್ಟಿಗೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಒಂದೊಂದೇ ಜಡೆ ತೆಗೆದು ಬೆಳಕಿಗೆ ಹಿಡಿಯುತ್ತಿದ್ದರು. ಕುಂಟುತ್ತಾ ಹೋಗಿ ತಂದಿದ್ದಾರೆ.

“ಇದು ಸೋಮಾರಿ. ಇದು ಅತ್ಕೊಂಡು ಹೆಣೆದಿರೋದು, ನೋಡು, ಒಂದು ಕಡೆ ಬಿಗಿ ಒಂದು ಕಡೆ ಸಡಿಲ. ಇದು ಯಾರದ್ದು ವಿನ್ನಿ? ಏಳೆಳೇದು. ಚಿನ್ನದಂಥ ಕೈ.”

ಟಿರ್ಝಾಳದು. ನಾನು ಹೇಳಲಿಲ್ಲ. “ಶಾಲೆಯ ಸಾಮಾನನ್ನು ಮುಟ್ಟಬೇಡಿ ಅಮ್ಮ” ಎಂದೆ.

19 ಮಾರ್ಚ್, ಶನಿವಾರ

ಪಾದ್ರಿಗಳ ತಂಗಿ ಮಿಸ್ ಆಶ್‌ಕ್ರಾಫ್ಟ್ ಚಹಾಕ್ಕೆ ಬಂದಿದ್ದರು. ಅಣ್ಣ ಶಾಲಾ ಸಮಿತಿಯ ಅಧ್ಯಕ್ಷರು, ಸಮಿತಿಯನ್ನು ನಡೆಸುವವರು ಇವರು. ಕೈಯಲ್ಲಿ ಯಾವಾಗಲೂ ಯಾರದಾದರೂ ವಂಶವೃಕ್ಷ ಇರುತ್ತದೆ. ಅವರು ಬರುವ ಮೊದಲು ಹುಲ್ಲಿನ ಕಂತೆಯನ್ನು ಹಿತ್ತಿಲ ಬಟ್ಟೆ ಒಗೆಯುವ ಮನೆಗೆ ಸಾಗಿಸಿದೆ. ಅಮ್ಮನಿಗೆ, “ನೀವು ಸ್ವಲ್ಪ ಮಲಗಿಕೊಳ್ಳಿ, ದಣಿದಿದ್ದೀರಿ” ಎಂದೆ.

“ನನಗೇನೂ ದಣಿವಿಲ್ಲ” ಎಂದು ನನ್ನ ಮುಖ ನೋಡಿದರು. ಆಮೇಲೆ “ಹೌದು ಬಿಡು, ದಣಿದಿದ್ದೀನಿ” ಎಂದು ಒಳಗೆ ಹೋದರು.

ಸುದ್ದಿ ಇದು. ಜೂನ್‌ನಲ್ಲಿ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬುವ ದಿನ ನಮ್ಮ ಶಾಲೆಯ ಹೊಸ ಕೋಣೆ ತೆರೆಯುತ್ತದೆ. ಅಲ್ಲಿ ಓಕ್ ಮರದ ಹಲಗೆಯೊಂದನ್ನು ಹಾಕುತ್ತಾರೆ. ಈ ಸೀಮೆಯಲ್ಲಿ ವಿದ್ಯೆಗಾಗಿ ದುಡಿದವರ ಹೆಸರುಗಳು, ಚಿನ್ನದ ಬಣ್ಣದಲ್ಲಿ.

“ನಿಮ್ಮ ಅಜ್ಜಿ ಹೆಸರೂ ಬರುತ್ತೆ” ಎಂದರು ಮಿಸ್ ಆಶ್‌ಕ್ರಾಫ್ಟ್. “ನಿಮ್ಮ ಹಳೇ ಅರ್ಜಿ ತೆಗೆದು ಓದಿದೆ. ಎಂಥ ಮನೆತನ ನಿಮ್ಮದು. ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲ.”

ಹದಿನಾಲ್ಕು ವರ್ಷದ ಹಿಂದೆ ಈ ಕೆಲಸಕ್ಕೆ ಬರೆದ ಅರ್ಜಿಯಲ್ಲಿ ನಾನು ಬರೆದ ವಾಕ್ಯ: ‘ನನ್ನ ತಾಯಿಯ ತಾಯಿ ಕೆಝಾಯಾ ಇಂಪಿ ಸ್ಟ್ಯಾಗ್ ಎಂಡ್ ಗ್ರಾಮದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವರು.’ ಇನ್ನೊಬ್ಬ ಅರ್ಜಿದಾರಳ ತಂದೆ ಶಾಲಾ ಮಾಸ್ತರು ಎಂದು ಕೇಳಿದ್ದೆ. ನನ್ನ ತಂದೆ ರೈಲು ಹಳಿ ಹಾಕುವ ಆಳು. ಏನಾದರೂ ಬೇಕಿತ್ತು.

ಅಜ್ಜಿ ನಡೆಸಿದ್ದು ಹೆಣಿಗೆ ಶಾಲೆ. ಒಂದು ಗುಡಿಸಲಿನ ಕೋಣೆ, ನಲವತ್ತು ಮಕ್ಕಳು, ಬೆಳಗಿಂದ ಕತ್ತಲಾಗುವವರೆಗೂ ಹುಲ್ಲುಜಡೆ. ಇಷ್ಟನ್ನು ಚಿಕ್ಕಂದಿನಲ್ಲಿ ಅಪ್ಪನ ಬಾಯಲ್ಲಿ ಕೇಳಿದ್ದೆ. ಮಕ್ಕಳನ್ನು ಅಂಥ ಕಡೆಯಿಂದ ಬಿಡಿಸಿ ತರುವುದೇ ನನ್ನ ಕೆಲಸ. ಅಲ್ಲಿ ಒಂದು ಪುಸ್ತಕವಾದರೂ ಇದ್ದಿರಬೇಕು, ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಅದಕ್ಕೆ ಚಿನ್ನದ ಬಣ್ಣ ಬರುತ್ತದೆ.

ಮಿಸ್ ಆಶ್‌ಕ್ರಾಫ್ಟ್ ಸ್ಟ್ಯಾಗ್ ಎಂಡ್‌ಗೆ ಸ್ವತಃ ಹೋಗಿ ವಿಚಾರಿಸುತ್ತಾರಂತೆ. ಅರ್ಜಿಯಲ್ಲಿ ಸುಳ್ಳು ಬರೆದ ಶಿಕ್ಷಕಿಯನ್ನು ಸಮಿತಿ ಏನು ಮಾಡುತ್ತದೆ ಎಂದು ನನಗೆ ಗೊತ್ತು. ಕೆಲಸದ ಜೊತೆ ಈ ಮನೆಯೂ ಹೋಗುತ್ತದೆ. ನಲವತ್ತಾರನೆಯ ವಯಸ್ಸಿನಲ್ಲಿ, ಸೊಂಟಕ್ಕೆ ಪೆಟ್ಟಾದ ತಾಯಿಯನ್ನು ಕಟ್ಟಿಕೊಂಡು.

28 ಮಾರ್ಚ್, ಸೋಮವಾರ

ಅಮ್ಮ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ರೊಟ್ಟಿ ಕೊಯ್ಯುವ ಚಾಕುವಿನಿಂದ ಕಚ್ಚು ಹಾಕಿದ್ದಾರೆ. ಒಂದು ಗಜ, ಅರ್ಧ, ಕಾಲು. ಹೆಣೆದ ಜಡೆ ಅಳೆಯಲು. ಅವರ ಊರಲ್ಲಿ ಪ್ರತಿ ಮನೆಯಲ್ಲೂ ಹೀಗೇ ಅಂತೆ. ಈ ಹಲಗೆ ಸಮಿತಿಗೆ ಸೇರಿದ್ದು ಎಂದೆ. “ಸಮಿತಿಯವರು ಬಂದು ಅಳೆದ್ಕೊಳ್ಲಿ, ಗಜ ಸರಿಯಾಗಿದೆ” ಎಂದರು.

ಕಚ್ಚುಗಳ ಮುಂದೆ ಹೂದಾನಿ ಇಟ್ಟಿದ್ದೇನೆ.

11 ಏಪ್ರಿಲ್, ಈಸ್ಟರ್ ಸೋಮವಾರ

ರಜೆ. ಬಿಸಿಲು. ಅಮ್ಮ ಕಡುಬು ಮಾಡಿದರು, ಒಂದು ತುದಿಗೆ ಹಂದಿಮಾಂಸ, ಇನ್ನೊಂದು ತುದಿಗೆ ಪ್ಲಮ್ ಜಾಮ್ ತುಂಬಿದ ಉದ್ದನೆಯದು. ಮೂವತ್ತು ವರ್ಷವಾಗಿತ್ತು ತಿಂದು. ಯಾವ ತುದಿಯಿಂದ ಶುರು ಮಾಡಬೇಕೆಂದು ಮರೆತು ಜಾಮ್‌ನ ಕಡೆ ಕಚ್ಚಿದೆ. ಅಮ್ಮ ನಕ್ಕು, “ಅಷ್ಟು ಪುಸ್ತಕ ಓದಿದೋಳು” ಎಂದರು.

ಆಮೇಲೆ ನಾನು ತೋಟದಲ್ಲಿ ಕೂತು ಕವಿತೆ ಓದಿದೆ. ಅಮ್ಮ ಬಾಗಿಲ ಬಳಿ ಹೆಣೆಯುತ್ತಿದ್ದರು. ಓದುತ್ತಿದ್ದ ಪದ್ಯದ ಲಯಕ್ಕೂ ಅವರ ಬೆರಳು ಒಳಗೆ ಹೊರಗೆ ಆಡುವುದಕ್ಕೂ ಸರಿಹೋಗುತ್ತಿತ್ತು. ಸ್ವಲ್ಪ ಹೊತ್ತು ನಾನು ಓದುವುದು ಬಿಟ್ಟು ನೋಡಿದೆ. ಹಾಳೆ ಗುರುತಿಗೆ ಏನೂ ಸಿಗದೆ ಒಂದು ಹುಲ್ಲುಕಡ್ಡಿ ಇಟ್ಟೆ.

23 ಏಪ್ರಿಲ್, ಶನಿವಾರ

ನಿನ್ನೆ ಸಂಜೆ ಹೆಣಿಗೆ ವಾಪಸು ತೆಗೆದುಕೊಳ್ಳಲು ಬಂದ ಟಿರ್ಝಾ ಮನೆಗೆ ಹೋಗಲೇ ಇಲ್ಲ. ಹಿತ್ತಿಲಲ್ಲಿ ಅಮ್ಮನ ಕಾಲ ಬಳಿ ಕೂತಿದ್ದಳು. ಕಿಟಕಿಯಿಂದ ಕೇಳಿಸಿಕೊಂಡೆ.

“ಅಜ್ಜಿ, ನೀವು ಚಿಕ್ಕೋರಿದ್ದಾಗ ನಿಮ್ಮ ಜೊತೆ ಏಳೆಳೆ ಹೆಣೆಯೋರು ಎಷ್ಟು ಜನ ಇದ್ರು?”

“ಮೂರು ಜನ. ಅವರಿಗೆ ಎಳೆ ಎಷ್ಟು ಬೇಕು ಹೇಳು.”

“ಗೊತ್ತಿಲ್ಲ.”

“ಗೊತ್ತಿಲ್ದೆ ಕಡ್ಡಿ ಹೆಂಗೆ ಸೀಳ್ತೀಯೇ ಮಂಕೆ? ಜಾಸ್ತಿ ಸೀಳಿದ್ರೆ ಒಣಗುತ್ತೆ, ಕಮ್ಮಿ ಸೀಳಿದ್ರೆ ಒಬ್ಬಳು ಬಾಯಿ ಬಿಟ್ಕೊಂಡು ಕೂರ್ತಾಳೆ. ಹಾಡು ಹೇಳ್ಕೊಡ್ತೀನಿ ಕೇಳು.”

ಹಾಡು ಹೀಗಿತ್ತು:

ಏಳು ಬಾಯಲಿ, ಏಳು ಕೈಯಲಿ,
ಹದಿನಾಲ್ಕಾಯಿತು ಟೋಪಿಯಲಿ.
ಏಳು ಕಂಕುಳಲಿ, ಇಪ್ಪತ್ತೊಂದು,
ಹೆಣೆಯೋ ತಂಗಿ ಬಿಗಿ ತಂದು.

ಹೀಗೆ ಎಪ್ಪತ್ತರವರೆಗೂ ಹೋಗುತ್ತದೆ. ಅಮ್ಮನಿಗೆ ಅಂಕಿ ಬರೆಯಲು ಬರುವುದಿಲ್ಲ. ಎರಡು ವರ್ಷ ನಾನು ಕರಿಹಲಗೆಯ ಮೇಲೆ ಬರೆದು ತಲೆಗೆ ತುಂಬಲಾಗದ ಮಗ್ಗಿಯನ್ನು ಟಿರ್ಝಾ ಕತ್ತಲಾಗುವ ಹೊತ್ತಿಗೆ ಹಿಂದುಮುಂದಾಗಿ ಹೇಳುತ್ತಿದ್ದಳು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಸ್ವಲ್ಪ ತಡವಾಗಿ.

30 ಏಪ್ರಿಲ್, ಶನಿವಾರ

ಮೂರನೆಯ ತರಗತಿಯ ಹನ್ನೊಂದು ಹುಡುಗಿಯರೂ ಈ ವಾರ ಹಿತ್ತಿಲಿಗೆ ಬಂದಿದ್ದರು. ಅಮ್ಮನ ಕುರ್ಚಿಯನ್ನು ಕಿಟಕಿಯ ಬಳಿಗೆ ಹಾಕಿದೆ. ಅಲ್ಲಿ ಬೆಳಕು ಚೆನ್ನಾಗಿದೆ.

7 ಮೇ, ಶನಿವಾರ

ಮಿಸ್ ಆಶ್‌ಕ್ರಾಫ್ಟ್ ಸ್ಟ್ಯಾಗ್ ಎಂಡ್‌ನಿಂದ ನೇರ ನಮ್ಮ ಮನೆಗೇ ಬಂದರು. ಬೂಟಿನ ತುಂಬ ಸುಣ್ಣಕಲ್ಲಿನ ಕೆಸರು. ನಾನು ಕುರ್ಚಿಯ ಬೆನ್ನು ಹಿಡಿದು ನಿಂತೆ.

“ಸಿಕ್ಕಿತು” ಎಂದರು. “ಅಜ್ಜಿಯ ಗೋರಿಯಲ್ಲ, ಅದು ಎಲ್ಲೋ ಹುಲ್ಲಲ್ಲಿ ಮುಚ್ಚಿಹೋಗಿದೆ. ಆದರೆ ಅವರ ಹತ್ತಿರ ಕಲಿತ ಒಬ್ಬ ಮುದುಕ ಸಿಕ್ಕಿದ. ಏನು ಹೇಳಿದ ಗೊತ್ತಾ? ‘ಕೆಝಾಯಾ ಅಮ್ಮನ ಶಾಲೇಲಿ ನಲವತ್ತು ಮಕ್ಕಳು, ಒಂದು ಸೂಜಿ ಬಿದ್ರೂ ಕೇಳಿಸ್ತಿತ್ತು. ನನ್ನ ಜೀವನದಲ್ಲಿ ನಾನು ಕಲಿತದ್ದೆಲ್ಲ ಅಲ್ಲೇ.’ ಕಣ್ಣಲ್ಲಿ ನೀರು ಬಂತು ನನಗೆ. ನಾವೀಗ ಮೂವತ್ತು ಮಕ್ಕಳನ್ನೂ ಸುಮ್ಮನಿರಿಸೋಕೆ ಆಗೋಲ್ಲ.”

ಏನು ಕಲಿತದ್ದು ಎಂದು ಅವರು ಕೇಳಲಿಲ್ಲ. ಶಾಲೆ ಎಂದ ಮೇಲೆ ಕೇಳುವುದೇನಿದೆ. ಮುದುಕನೂ ಹೇಳಲಿಲ್ಲ. ಅವನ ತುಟಿಯ ಗೀರು ಇವರ ಕಣ್ಣಿಗೆ ಬಿದ್ದಿಲ್ಲ, ಗಡ್ಡವಿತ್ತೋ ಏನೋ.

ಹಲಗೆಗೆ ಬರೆಯುವ ಸಾಲನ್ನು ಒಂದು ಚೀಟಿಯಲ್ಲಿ ಕೊಟ್ಟು ಹೋದರು. ಅಕ್ಷರ ಬರೆಯುವವನು ಆಗಲೇ ಶುರು ಮಾಡಿದ್ದಾನಂತೆ. ನಾನು ಬಚಾವಾದೆ. ಇನ್ನು ಯಾರೂ ಕೇಳುವುದಿಲ್ಲ. ಚಹಾ ಮಾಡಿಕೊಂಡು ಎರಡು ಚಮಚ ಸಕ್ಕರೆ ಹಾಕಿಕೊಂಡೆ.

8 ಮೇ, ಭಾನುವಾರ

ಚರ್ಚಿನಿಂದ ಬಂದ ಮೇಲೆ ಅಮ್ಮ ಆ ಚೀಟಿಯನ್ನು ಎತ್ತಿಕೊಂಡು, “ಇದೇನು ನಿನ್ನೆಯಿಂದ ಇದನ್ನೇ ನೋಡ್ತಿದ್ದೀಯಲ್ಲ, ಓದು” ಎಂದರು.

ಏನು ಬೇಕಾದರೂ ಓದಬಹುದಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ. ಇದ್ದದ್ದನ್ನೇ ಓದಿದೆ: “ಕೆಝಾಯಾ ಇಂಪಿ, ಸ್ಟ್ಯಾಗ್ ಎಂಡ್. ಮೂವತ್ತು ವರ್ಷ ಗ್ರಾಮದ ಮಕ್ಕಳಿಗೆ ಓದು ಕಲಿಸಿದ ತಾಯಿ.”

ಅಮ್ಮನ ಬೆರಳು ನಿಂತಿತು. “ಯಾರು? ನಮ್ಮಮ್ಮನಾ?” ಎಂದರು. ಆಮೇಲೆ ನಗಲು ಶುರು ಮಾಡಿದರು. ಬಾಯಲ್ಲಿದ್ದ ಎಳೆಗಳೆಲ್ಲ ಮಡಿಲಿಗೆ ಉದುರಿದವು. “ಅವಳಿಗೆ ಅವಳ ಹೆಸರೇ ಓದೋಕೆ ಬರ್ತಿರಲಿಲ್ಲ ಕಣೇ. ಒಂದು ಬೈಬಲ್ ಇಟ್ಕೊಂಡಿದ್ಲು, ಯಾರಾದ್ರೂ ಸಾಹೇಬ್ರು ಬಂದ್ರೆ ತೋರ್ಸೋಕೆ. ಒಂದು ಸಾಲು ಬಾಯಿಪಾಠ ಮಾಡಿದ್ಲು. ಎಲ್ಲಿ ತೆಗೆದ್ರೂ ಅದೇ ಸಾಲು.”

ನಾನು ನಗಲಿಲ್ಲ. ಅಮ್ಮ ಕಣ್ಣೊರೆಸಿಕೊಂಡು ನನ್ನ ಮುಖವನ್ನೇ ನೋಡಿದರು. “ನೀನು ಹೇಳಿದ್ದಾ ಇದು?”

“ಹೌದು.”

ಅವರು ಉದುರಿದ ಎಳೆಗಳನ್ನು ಒಂದೊಂದಾಗಿ ಆರಿಸಿ ಸೇರಿಸಿದರು. ಆಮೇಲೆ ಕೈ ಚಾಚಿ ಹೆಬ್ಬೆರಳಿನಿಂದ ನನ್ನ ತುಟಿಯ ಮೂಲೆ ಮುಟ್ಟಿದರು.

“ಇದು ಒಲೆ ಕಂಬಿ ಅಲ್ಲ” ಎಂದರು.

ಅವರು ಹೇಳಿದ್ದನ್ನು ಆದಷ್ಟು ಅವರ ಮಾತಲ್ಲೇ ಬರೆದಿಡುತ್ತೇನೆ.

“ನಿನಗೆ ನಾಲ್ಕು ತುಂಬಿತ್ತು. ಎಲ್ಲರ ಮಕ್ಕಳೂ ಕೂರ್ತಿದ್ವು, ನಿನ್ನನ್ನೂ ಕೂರಿಸ್ದೆ. ನಮ್ಮಮ್ಮನ ಬೆಂಚಲ್ಲಿ, ನನ್ನ ಪಕ್ಕದಲ್ಲೇ. ಮೂರು ವಾರ ಆಗಿತ್ತು. ನಿಂಗೆ ಕಡ್ಡಿ ನೆನೆಸೋಕೆ ಗೊತ್ತಿರ್ಲಿಲ್ಲ, ಒಣಗಿದ್ದನ್ನೇ ಬಾಯಿಂದ ಎಳೆದೆ. ಚಾಕು ಇದ್ದಂಗೆ ಅದು. ಇಲ್ಲಿಂದ ಇಲ್ಲೀತನಕ ಸೀಳ್ತು. ನೀನು ಕೂಗ್ಲೂ ಇಲ್ಲ. ಅಲ್ಲಿ ಯಾರೂ ಕೂಗ್ತಿರ್ಲಿಲ್ಲ. ನಮ್ಮಮ್ಮ ಓಡಿ ಬಂದ್ಲು. ಬಂದೋಳು ನಿನ್ನ ಕೈಯಿಂದ ಜಡೆ ಕಿತ್ಕೊಂಡ್ಲು, ರಕ್ತ ಬಿದ್ರೆ ಹುಲ್ಲು ಹಾಳಾಗುತ್ತೆ ಅಂತ. ಮೊದ್ಲು ಜಡೆ ತೊಳೆದ್ಲು.”

“ಆಮೇಲೆ?”

“ಆಮೇಲೆ ನಿನ್ನ ಬಾಯಿ ತೊಳೆದ್ಲು. ಅವಳೂ ಕೆಟ್ಟೋಳಲ್ಲ ವಿನ್ನಿ. ಗಂಡ ಸತ್ತ ಮೇಲೆ ಆರು ಜನರ ಹೊಟ್ಟೆ ಆ ಜಡೇಲೇ ನಡೀತಿತ್ತು. ಆದ್ರೆ ಮೊದ್ಲು ಜಡೆ ತೊಳೆದ್ಲು. ನಾನು ಎದ್ದೆ. ನಿನ್ನ ಎತ್ಕೊಂಡು ಹೊರಗೆ ಬಂದೆ. ಅಕ್ಷರ ಕಲಿಸೋ ಶಾಲೆ ಎಲ್ಲಿದೆ ಅಂತ ನಿಮ್ಮಪ್ಪನ್ನ ಕೇಳಿ, ಅದಿರೋ ಊರಲ್ಲೇ ಹಳಿ ಕೆಲಸ ಹಿಡಿಯೋಕೆ ಹೇಳ್ದೆ. ಅವಳು ಹತ್ತು ವರ್ಷ ಬದುಕಿದ್ಲು, ನನ್ನ ಹತ್ರ ಒಂದು ಮಾತಾಡ್ಲಿಲ್ಲ. ಸತ್ತಾಗ ಹೇಳಿ ಕಳಿಸಿದ್ರು. ಹೋಗಿ ಮುಖ ನೋಡ್ದೆ. ಅವಳ ತುಟೀಲೂ ಇತ್ತು ಇದೇ.”

“ಕಂಬಿ ಅಂತ ಯಾಕೆ ಹೇಳಿದಿರಿ?”

“ಅಜ್ಜಿ ಮೇಲೆ ದೂರು ಕಲಿಸೋಕೆ ನಿನ್ನ ಶಾಲೆಗೆ ಕಳಿಸ್ಲಿಲ್ಲ.”

ಅಪ್ಪನ ರೈಲು ಕೆಲಸಕ್ಕಾಗಿ ನಾವು ಊರು ಬಿಟ್ಟೆವು ಎಂದೇ ನಾನು ನಂಬಿದ್ದೆ. ನಲವತ್ತೆರಡು ವರ್ಷ.

ಅಮ್ಮ ಮತ್ತೆ ಹೆಣೆಯಲು ಶುರು ಮಾಡಿದಳು. “ಆ ಸಾಲು ಮಕ್ಕಳ ತಲೆ ಮೇಲೆ ನೇತಾಕ್ತಾರಾ?” ಎಂದು ಕೇಳಿದಳು. ಹೌದು ಎಂದೆ. “ಟಿರ್ಝಾ ಓದ್ತಾಳೆ ಅದನ್ನ” ಎಂದಳು. ಅಷ್ಟೇ.

9 ಮೇ, ಸೋಮವಾರ

ಕನ್ನಡಿಯಲ್ಲಿ ನೋಡಿಕೊಂಡೆ. ಒಂದು ಗೋಧಿಕಾಳಿನಷ್ಟು ಉದ್ದ.

14 ಮೇ, ಶನಿವಾರ

ಪಾದ್ರಿಗಳ ಮನೆಗೆ ಹೋಗಿ ಮಿಸ್ ಆಶ್‌ಕ್ರಾಫ್ಟ್‌ರಿಗೆ ಎಲ್ಲ ಹೇಳಿದೆ. ಅರ್ಜಿಯಲ್ಲಿ ಬರೆದದ್ದು ಸುಳ್ಳು ಎಂದು ಮೊದಲು ಹೇಳಿದೆ. ಉಳಿದದ್ದು ಆಮೇಲೆ ಸುಲಭವಾಯಿತು. ತೋಟದಲ್ಲಿ ಬಟಾಣಿ ಬಳ್ಳಿಗೆ ಕಡ್ಡಿ ನೆಡುತ್ತಿದ್ದ ಅವರು ಕೊನೆಯ ಕಡ್ಡಿ ಕೈಯಲ್ಲೇ ಹಿಡಿದು ನಿಂತರು.

“ಬಣ್ಣ ಒಣಗಿಬಿಟ್ಟಿದೆ, ಮಿಸ್ ಓಡೆಲ್” ಎಂದರು.

“ಕ್ಷಮಿಸಿ.”

“ನಿಮ್ಮ ಅಜ್ಜಿಗೋಸ್ಕರ ಆ ಮುದುಕನ ಮನೇಲಿ ಎರಡು ಲೋಟ ಹುಳಿ ವೈನ್ ಕುಡಿದೆ. ಎರಡು. ಒಂದು ವಾರ ಹೊಟ್ಟೆ ಸರಿಯಿರಲಿಲ್ಲ.” ಆಮೇಲೆ ಬೇರೆ ಧ್ವನಿಯಲ್ಲಿ ಕೇಳಿದರು, “ಯಾಕೆ ಹೇಳಿದಿರಿ ಈಗ? ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ. ನಾನೇ ಸಾಕ್ಷಿ ತಂದಿದ್ದೆ.”

“ಅಮ್ಮನ ಎದುರಿಗೆ ಅದನ್ನ ತೂಗುಹಾಕೋಕೆ ಆಗೋಲ್ಲ” ಎಂದೆ.

“ಅವರಿಗೆ ಓದೋಕೆ ಬರೋಲ್ಲ ಅಂದಿರಿ.”

“ಅದಕ್ಕೇ.”

ಅವರು ಕಡ್ಡಿಯನ್ನು ನೆಟ್ಟು, ಅಣ್ಣನಿಗೆ ಹೇಳದೆ ಇರಲು ಸಾಧ್ಯವಿಲ್ಲ ಎಂದರು. ಗೊತ್ತು ಎಂದೆ.

ದಾರಿಯಲ್ಲಿ ಹಾಥಾರ್ನ್ ಮುಳ್ಳುಬೇಲಿ ಹೂಬಿಟ್ಟು ಪೂರ್ತಿ ಬಿಳಿಯಾಗಿತ್ತು. ಕೆಲಸ ಕಳೆದುಕೊಳ್ಳುವವಳು ಇಷ್ಟು ಹಗುರಾಗಿ ನಡೆಯಬಾರದು ಅನಿಸಿತು.

19 ಮೇ, ಗುರುವಾರ

ಪಾದ್ರಿಗಳು ಧರ್ಮಪಾಠಕ್ಕೆ ಬಂದರು. ಹೋಗುವಾಗ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, “ಶಾಲಾ ಇನ್ಸ್‌ಪೆಕ್ಟರ್ ಪರೀಕ್ಷೆಗೆ ಬಂದು ಹೋಗಲಿ. ಆಮೇಲೆ ಸಮಿತಿ ಸೇರುತ್ತೆ” ಎಂದರು.

ಅಮ್ಮನಿಗೆ ಹೇಳಿದೆ, ಮನೆ ಬಿಡಬೇಕಾಗಿ ಬರಬಹುದು ಎಂದು. “ಎರಡು ಗಂಟು ತಾನೇ” ಎಂದಳು. ನನ್ನ ಪುಸ್ತಕದ ಕಪಾಟನ್ನು ನೋಡಿ, “ನಿಂದು ನಾಲ್ಕಾಗುತ್ತೆ” ಎಂದಳು.

ಸಂಜೆ ಕೈಗೆ ಕೆಲಸವಿಲ್ಲದೆ ಕೂತಿದ್ದೆ. ಮೂರೆಳೆ ಹೇಗೆ ಎಂದು ಕೇಳಿದೆ. ಅಮ್ಮ ಏಳು ಸಲ ಬಿಚ್ಚಿಸಿದಳು.

“ನೀನು ಹಿಂಗೆ ಮಕ್ಕಳಿಗೆ ಹೇಳ್ಕೊಡ್ತಿದ್ರೆ ಒಂದೂ ಉಳೀತಿರ್ಲಿಲ್ಲ ಅಮ್ಮ.”

“ಮಕ್ಕಳಿಗೆ ಬೇಗ ಬರುತ್ತೆ.”

2 ಜೂನ್, ಗುರುವಾರ

ಇನ್ಸ್‌ಪೆಕ್ಟರ್ ಬಂದುಹೋದರು. ಹೊಸಬರು, ತೆಳ್ಳಗಿನ ಮನುಷ್ಯ, ಬೂಟು ಕಿರುಗುಟ್ಟುತ್ತಿತ್ತು. ಒಂದನೆಯ, ಎರಡನೆಯ ತರಗತಿ ಹೇಗೋ ದಾಟಿದವು. ಮೂರನೆಯ ತರಗತಿಗೆ ಬಂದು ಮೊದಲು ಟಿರ್ಝಾಳನ್ನೇ ಎಬ್ಬಿಸಿದರು.

“ಒಂದು ವಾರಕ್ಕೆ ಏಳು ದಿನ. ಎಂಟು ವಾರ ಮೂರು ದಿನಕ್ಕೆ ಎಷ್ಟು ದಿನ?”

ಅವಳ ತುಟಿ ಅಲ್ಲಾಡಿತು. ಬೆರಳುಗಳು ಏಪ್ರನ್ ಮೇಲೆ ಒಳಗೆ ಹೊರಗೆ ಆಡಿದವು. “ಐವತ್ತೊಂಬತ್ತು ಸರ್” ಎಂದಳು. ಮುಂದಿನವಳೂ ಹಾಗೇ, ಅದರ ಮುಂದಿನವಳೂ. ಹನ್ನೊಂದು ಏಪ್ರನ್‌ಗಳ ಮೇಲೆ ಬೆರಳುಗಳು ಓಡಾಡುತ್ತಿದ್ದವು.

“ಏನು ಮಾಡುತ್ತಿದ್ದಾರೆ ಇವರು?” ಎಂದರು ನನ್ನ ಕಡೆ ತಿರುಗಿ.

“ಹೆಣೆಯುತ್ತಿದ್ದಾರೆ ಸರ್. ಹುಲ್ಲಿಲ್ಲದೆ.”

ಹತ್ತು ಹುಡುಗಿಯರು ಪಾಸು. ಹನ್ನೊಂದನೆಯವಳು ಅತ್ತಳು, ಅವಳನ್ನು ಅವರು ಮುಂದಿನ ಕಿಟಕಿಯ ಬಳಿ ಕರೆದು ಮತ್ತೆ ಕೇಳಿದರು, ಆಗ ಹೇಳಿದಳು.

ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೇ ಬಂದರು. ಹೂದಾನಿ ಯಾವಾಗ ಅಲ್ಲಿಂದ ಎತ್ತಿದೆನೋ ನೆನಪಿಲ್ಲ, ಕಚ್ಚುಗಳು ಎದ್ದು ಕಾಣುತ್ತಿದ್ದವು. “ಇದೇನು?” ಎಂದರು. “ಗಜ” ಎಂದಳು ಅಮ್ಮ. “ಸರಿಯಾಗಿದೆಯಾ?” ಎಂದರು. “ನೀವೇ ಇನ್ಸ್‌ಪೆಕ್ಟರು” ಎಂದಳು. ಅವರು ಜೇಬಿನಿಂದ ಅಳತೆಪಟ್ಟಿ ತೆಗೆದು ಅಳೆದೇಬಿಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಪಟ್ಟಿಯನ್ನು ಮಡಚಿ, ಇನ್ನೊಂದು ತುಂಡು ಕಡುಬು ಕೇಳಿದರು. ಜಾಮ್ ಇರುವ ತುದಿ.

11 ಜೂನ್, ಶನಿವಾರ

ಸಮಿತಿ ಸೇರಿತ್ತು. ಒಂದೂವರೆ ಗಂಟೆ. ಒಬ್ಬ ಸದಸ್ಯರು ನನ್ನನ್ನು ಕಳಿಸಲೇಬೇಕೆಂದರಂತೆ. ಮಿಸ್ ಆಶ್‌ಕ್ರಾಫ್ಟ್ ಇನ್ಸ್‌ಪೆಕ್ಟರ್ ವರದಿಯನ್ನು ಮೇಜಿನ ಮೇಲಿಟ್ಟು, ಇಷ್ಟು ವರ್ಷದಲ್ಲಿ ಇಂಥ ವರದಿ ಇನ್ನೊಂದು ತೋರಿಸಿ ಎಂದರಂತೆ. ಇದನ್ನು ಅವರೇ ಬಂದು ಹೇಳಿದರು. “ನನಗೆ ನಿಮ್ಮ ಮೇಲೆ ಕೋಪ ಇನ್ನೂ ಇದೆ” ಎಂದೂ ಸೇರಿಸಿದರು.

ಕೆಲಸ ಉಳಿಯಿತು. ಹಳೆಯ ಅರ್ಜಿಗೆ ತಿದ್ದುಪಡಿಯನ್ನು ನನ್ನ ಕೈಯಲ್ಲೇ ಬರೆದು ಕೊಡಬೇಕು. ಬರೆದೆ: ‘ನನ್ನ ಅಜ್ಜಿ ಕೆಝಾಯಾ ಇಂಪಿ ನಡೆಸಿದ್ದು ಹೆಣಿಗೆ ಶಾಲೆ. ಅವರಿಗೆ ಓದಲು ಬರುತ್ತಿರಲಿಲ್ಲ. ನನ್ನ ತಾಯಿ ಡಾರ್ಕಸ್ ಓಡೆಲ್‌ಗೂ ಬರುವುದಿಲ್ಲ. ನನ್ನನ್ನು ಆ ಬೆಂಚಿನಿಂದ ಎತ್ತಿಕೊಂಡು ಹೋಗಿ ಅಕ್ಷರದ ಶಾಲೆಗೆ ಸೇರಿಸಿದವಳು ಅವಳು.’

ಅಮ್ಮನಿಗೆ ಓದಿ ಹೇಳಿದೆ. “ಎತ್ಕೊಂಡು ಅಂತ ಬರ್ದಿದ್ದೀಯಾ? ಭಾರ ಇದ್ದೆ ನೀನು” ಎಂದಳು. ಅಕ್ಷರ ಕಲಿಸಲೇ ಎಂದು ಕೇಳಿದೆ. “ನೀನಿದ್ದೀಯಲ್ಲ, ಇನ್ನು ನಂಗ್ಯಾಕೆ” ಎಂದಳು.

21 ಜೂನ್, ಮಂಗಳವಾರ

ಹೊಸ ಕೋಣೆ ತೆರೆಯಿತು. ಬಿಸಿಲು, ಬಾವುಟ, ಪ್ರತಿ ಮಗುವಿಗೂ ಒಂದು ಬನ್, ರಾಣಿಯ ಚಿತ್ರದ ಬಟ್ಟಲು. ಸಂಜೆಯೊಳಗೆ ನಾಲ್ಕು ಬಟ್ಟಲು ಒಡೆದವು. ಶ್ರೀಮತಿ ಫೆನ್ಸಮ್ ಬಂದು, “ನಮ್ಮ ಟಿರ್ಝಾ ಈಗ ವ್ಯಾಪಾರಿಗೇ ಲೆಕ್ಕ ತಿದ್ದುತ್ತಾಳೆ, ಟೀಚರಮ್ಮ. ಅವನು ನನ್ನ ಮೇಲೆ ಮುಖ ದಪ್ಪ ಮಾಡ್ಕೊಂಡಿದ್ದಾನೆ. ಎಲ್ಲ ನಿಮ್ಮಿಂದ” ಎಂದಳು. ಅದು ದೂರೋ ಹೊಗಳಿಕೆಯೋ ತಿಳಿಯಲಿಲ್ಲ. ಅಮ್ಮನ ಕೈಗೆ ಆರು ಮೊಟ್ಟೆ ಕೊಟ್ಟು ಹೋದಳು. ಬಾಗಿಲ ಬಳಿಯ ಹಳೇ ಪೆಟ್ಟಿಗೆ ಖಾಲಿ ಬಿದ್ದಿತ್ತು, ಅದರಲ್ಲಿಟ್ಟೆ.

ಎಲ್ಲರೂ ಹೋದ ಮೇಲೆ ಅಮ್ಮ ನನ್ನ ತೋಳು ಹಿಡಿದು ಓಕ್ ಹಲಗೆಯ ಮುಂದೆ ನಿಂತಳು. ಒಂಬತ್ತು ಹೆಸರು. ಏಳನೆಯದರ ಕೆಳಗೆ ಒಂದು ಸಾಲಿನಷ್ಟು ಜಾಗಕ್ಕೆ ಕಂದು ಬಣ್ಣ ಬಳಿದಿದ್ದಾರೆ. ಅಮ್ಮ ಅಲ್ಲಿ ಹೆಬ್ಬೆರಳಾಡಿಸಿದಳು.

“ಇನ್ನೊಂದು ಕೈ ಬಣ್ಣ ಬೇಕಿತ್ತು. ಬಣ್ಣದಡಿಯ ಅಕ್ಷರ ಕೈಗೆ ಸಿಗ್ತಿದೆ.”

“ಹೌದಮ್ಮ. ಓರೆಯಾಗಿ ನೋಡಿದ್ರೆ ಹೆಸರೂ ಕಾಣುತ್ತೆ. ಮತ್ತೆ ಬಳಿಯೋಕೆ ಹೇಳ್ತೀನಿ.”

“ಬೇಡ ಬಿಡು” ಎಂದಳು. “ಒಳಗೇ ಇರ್ಲಿ. ಅಕ್ಷರದ ಶಾಲೆ ಹೆಂಗಿರುತ್ತೆ ಅಂತ ಅವಳೂ ಸ್ವಲ್ಪ ನೋಡ್ಲಿ.”

ಮನೆಗೆ ಬಂದು ದಾಖಲೆ ಪುಸ್ತಕ ತೆರೆದೆ. ನಡೆದದ್ದನ್ನು ಮಾತ್ರ ಬರೆದೆ: ‘ಹೊಸ ಕೋಣೆಯ ಆರಂಭ. ಹಾಜರಿ ಅರವತ್ತೆರಡು, ಗೈರು ಯಾರೂ ಇಲ್ಲ. ಏಳರ ಮಗ್ಗಿ ಕಲಿಸಿದ ಶ್ರೀಮತಿ ಡಾರ್ಕಸ್ ಓಡೆಲ್, ಹುಲ್ಲುಜಡೆ ಹೆಣೆಯುವವರು, ನನ್ನ ತಾಯಿ, ಶಾಲೆಗೆ ಭೇಟಿ ಕೊಟ್ಟರು.’

ಅಮ್ಮನಿಗೆ ಓದಿ ಹೇಳಿದೆ. ಅವಳು ಬಾಯಲ್ಲಿದ್ದ ಎಳೆ ಪಕ್ಕಕ್ಕೆ ಸರಿಸಿ, “ಬರೀ ಹುಲ್ಲುಜಡೆ ಅಂದ್ರೆ ಆಯ್ತಾ? ಯಾರು ಬೇಕಾದ್ರೂ ಮೂರೆಳೆ ಹೆಣೀತಾರೆ, ನೀನೂ ಹೆಣೀತೀಯ” ಎಂದಳು.

ಮತ್ತೆ ಲೇಖನಿ ಅದ್ದಿ, ಮೇಲುಗಡೆ ಸಣ್ಣಕ್ಷರದಲ್ಲಿ ‘ಏಳೆಳೆಯ’ ಎಂದು ಸೇರಿಸಿದೆ.